ಬೆವರು ಬರುವಷ್ಟು ಬಿಸಿಲು

ನೆದರ್‌ಲ್ಯಾಂಡ್ಸ್‌ನ ನ್ಯೂವೆಗೈನ್ ಎಂಬ ಊರಿನ ಬಿಸಿನೆಸ್ ಪಾರ್ಕಿನಲ್ಲಿ, ಟೈಲ್ಸ್ ಗೋದಾಮಿಗೂ ಬಾಗಿಲು ಕಿಟಕಿ ಮಾರುವವರ ಶೋರೂಮಿಗೂ ನಡುವೆ ಸಿಕ್ಕಿಕೊಂಡ ಎರಡಂತಸ್ತಿನ ಕಟ್ಟಡವೊಂದರಲ್ಲಿ ವತ್ಸಲಾ ಮುಖಕ್ಕೆ ಹಚ್ಚುವ ಕ್ರೀಮು ತಯಾರಿಸುತ್ತಿದ್ದಳು. ತಯಾರಿಸುತ್ತಿದ್ದಳು ಎಂದರೆ ಮೈಸೂರಿನ ನೆಂಟರು ದೊಡ್ಡದೇನೋ ಕಲ್ಪಿಸಿಕೊಳ್ಳುತ್ತಿದ್ದರು. ಕೆಲಸ ಇಷ್ಟೇ: ಎಣ್ಣೆಯನ್ನು ಒಂದು ಪಾತ್ರೆಯಲ್ಲಿ, ನೀರನ್ನು ಇನ್ನೊಂದರಲ್ಲಿ ಕಾಯಿಸಿ, ಎರಡನ್ನೂ ಸೇರಿಸಿ ಕಡೆದು, ಆರಿದ ಮೇಲೆ ಯಾವುದಾದರೊಂದು ಗಿಡದ ಸಾರವನ್ನು ತೂಕ ಮಾಡಿ ಬೆರೆಸಿ, ಸಣ್ಣ ಡಬ್ಬಿಗಳಿಗೆ ತುಂಬಿ, ನಲವತ್ತು ಡಿಗ್ರಿಯ ಕಪಾಟಿನಲ್ಲಿ ಮೂರು ತಿಂಗಳು ಇಟ್ಟು, ಒಡೆಯಿತೋ ಇಲ್ಲವೋ ನೋಡುವುದು. ಮಜ್ಜಿಗೆಹುಳಿ ಒಡೆಯದ ಹಾಗೆ ಕುದಿಸಬಲ್ಲ ಯಾರಿಗಾದರೂ ಬರುವ ವಿದ್ಯೆ ಇದು ಎಂದು ಅವಳೇ ಹೇಳುತ್ತಿದ್ದಳು. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ, ಗಂಡ ಶೇಷಾದ್ರಿಯ ಸಾಫ್ಟ್‌ವೇರ್ ಕೆಲಸದ ಬೆನ್ನಿಗೆ ಬಂದು, ನಾಲ್ಕು ವರ್ಷ ಮನೆಯಲ್ಲಿ ಕೂತು ಡಚ್ ಕಲಿತು, ನಲವತ್ತೊಂದನೇ ವಯಸ್ಸಿನಲ್ಲಿ ಹಿಡಿದ ಕೆಲಸ. ಈಗ ನಲವತ್ತೇಳು.

ಆ ಲ್ಯಾಬಿಗೆ ಬರುತ್ತಿದ್ದ ಗಿಡಗಳಲ್ಲಿ ಅರ್ಧಕ್ಕರ್ಧ ಅವಳಿಗೆ ಹುಟ್ಟಿನಿಂದ ಪರಿಚಯದವು. ಒಂದೆಲಗ, ನೆಲ್ಲಿ, ಅತಿಮಧುರ, ಬೇವು. ಆದರೆ ಯಾರನ್ನೂ ಗುರುತು ಹಿಡಿಯುವ ಹಾಗಿರಲಿಲ್ಲ. ಎಲ್ಲರೂ ಬಣ್ಣ, ವಾಸನೆ, ರುಚಿ ಮೂರನ್ನೂ ಹಿಂದಿನ ಯಾವುದೋ ಕಾರ್ಖಾನೆಯಲ್ಲಿ ಬಿಟ್ಟು, ಸಭ್ಯರಾಗಿ, ಬಿಳಿ ಪುಡಿಯಾಗಿ ಬರುತ್ತಿದ್ದರು. ಅರಿಶಿನ ಕೂಡ ಬೆಳ್ಳಗೆ ಬಂದಿತ್ತು ಒಂದು ಸಲ. ಅದನ್ನು ನೋಡಿ ಅವಳಿಗೆ ಅರಿಶಿನದ ಬಗ್ಗೆಯೇ ಮರುಕ ಹುಟ್ಟಿತ್ತು.

೨೦೨೦ರ ಬೇಸಿಗೆ. ಮೊದಲ ಲಾಕ್‌ಡೌನ್ ಸಡಿಲವಾದ ವಾರ. ಅವಳ ಮೇಲಧಿಕಾರಿ ಮಾರ್ಲೂಸ್, ಆರಡಿ ಎತ್ತರದ ಉತ್ಸಾಹಿ ಹೆಂಗಸು, ಒಂದೂವರೆ ಮೀಟರ್ ದೂರದಿಂದಲೇ ಒಂದು ಬಾಟಲಿಯನ್ನು ಮೇಜಿನ ಮೇಲೆ ಜಾರಿಸಿದಳು. ಒಳಗೆ ಜೇನಿನ ಬಣ್ಣದ ಮಂದ ದ್ರವ.

"ವತ್ಸಲಾ, ಇದು ನಿಮ್ಮ ದೇಶದ್ದು. ಇನ್ನೆರಡು ವರ್ಷ ಎಲ್ಲರೂ ಇದನ್ನೇ ಕೇಳುತ್ತಾರೆ, ನೋಡು. ಸುಕ್ಕಿಗೆ. ರೆಟಿನಾಲ್ ಮಾಡುವ ಕೆಲಸವನ್ನೇ ಮಾಡುತ್ತದಂತೆ, ಆದರೆ ಮುಖ ಉರಿಯುವುದಿಲ್ಲವಂತೆ. ಬಕೂಚಿಯಾಲ್!"

ವತ್ಸಲಾ ಜೊತೆಗಿದ್ದ ಕಾಗದದಲ್ಲಿ ಗಿಡದ ಲ್ಯಾಟಿನ್ ಹೆಸರು ಓದಿದಳು. ಓದಿ, ಸ್ಟೂಲನ್ನು ಎಳೆದುಕೊಂಡು ಕೂತಳು.

"ಗೊತ್ತಾ ನಿನಗೆ ಈ ಗಿಡ?" ಎಂದಳು ಮಾರ್ಲೂಸ್.

"ಗೊತ್ತು. ನಮ್ಮಲ್ಲಿ ಬಾವಂಚಿ ಅಂತಾರೆ."

"ಅಡುಗೆಗೆ ಹಾಕುತ್ತೀರಾ?"

"ಇಲ್ಲ," ಎಂದಳು ವತ್ಸಲಾ. ಭಾರತದ ಗಿಡವೆಂದರೆ ಒಂದೋ ಸಾರಿಗೆ ಒಂದೋ ದೇವರಿಗೆ ಎಂದು ನಂಬಿದ್ದ ಮಾರ್ಲೂಸ್‌ಗೆ ನಿರಾಸೆಯಾಯಿತು.

ಬಾವಂಚಿಯನ್ನು ವತ್ಸಲಾ ಕಂಡದ್ದು ಅವಳ ಅಮ್ಮ ಕಾಶಮ್ಮನ ತುಟಿಯ ಮೇಲೆ. ವತ್ಸಲಾ ಹುಟ್ಟಿದ ವರ್ಷವೇ ಕಾಶಮ್ಮನಿಗೆ ತುಟಿಯಂಚಿನಲ್ಲಿ ಬಿಳಿ ಮಚ್ಚೆ ಕಾಣಿಸಿಕೊಂಡಿತು. ಆಮೇಲೆ ಬೆರಳ ತುದಿಗಳು, ಆಮೇಲೆ ಮೊಣಕೈ. ತೊನ್ನು. ಆ ಶಬ್ದವನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, "ಅದು" ಎನ್ನುತ್ತಿದ್ದರು, ಮತ್ತು ಮನೆಯಲ್ಲಿ ಬೇರೆ ಯಾವುದಕ್ಕೂ ಅಷ್ಟು ಗೌರವ ಇರಲಿಲ್ಲ. ಗುಂಡಪ್ಪ ಪಂಡಿತರು ಬಾವಂಚಿ ಬೀಜ ಬರೆದುಕೊಟ್ಟರು. ಗೋಮೂತ್ರದಲ್ಲಿ ನೆನೆಸಿ, ಅರೆದು, ಹಚ್ಚಿಕೊಂಡು, ಬಿಸಿಲಿಗೆ ಕೂರಬೇಕು. ಎಷ್ಟು ಹೊತ್ತು ಎಂದರೆ, ಕುತ್ತಿಗೆಯ ಹಿಂದೆ ಬೆವರು ಒಡೆಯುವ ತನಕ. ಬೆವರು ಬಂತೋ, ಏಳಬೇಕು, ತೊಳೆಯಬೇಕು. "ಗಡಿಯಾರ ನೋಡಬೇಡಿ ತಾಯಿ, ಗಡಿಯಾರಕ್ಕೆ ಚರ್ಮ ಇಲ್ಲ," ಎಂದಿದ್ದರಂತೆ ಪಂಡಿತರು.

ಮೈಸೂರಿನ ಕೃಷ್ಣಮೂರ್ತಿಪುರದ ಮನೆಯ ತಾರಸಿಯ ಮೇಲೆ ಕಾಶಮ್ಮ ಮೂವತ್ತು ವರ್ಷ ಹಾಗೆ ಕೂತಳು. ಬೆಳಿಗ್ಗೆ ಹತ್ತು ಗಂಟೆಗೆ, ಹಪ್ಪಳದ ಪಕ್ಕದಲ್ಲಿ. ಅತ್ತೆ ಅವಳಿಗೊಂದು ಲೋಟ ಬೇರೆ ಇಟ್ಟಿದ್ದರು. ನೆಂಟರ ಮನೆ ಮದುವೆಗಳಲ್ಲಿ ಆರತಿಗೆ ಕರೆಯುತ್ತಿರಲಿಲ್ಲ. ಕಡುಬಿನ ಹಿಟ್ಟು ನಾದಲೂ ಕರೆಯುತ್ತಿರಲಿಲ್ಲ, ಪಾತ್ರೆ ತೊಳೆಯುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ವತ್ಸಲಾಳ ಮದುವೆಯ ಧಾರೆಯ ಹೊತ್ತಿನಲ್ಲಿ ಕಾಶಮ್ಮ ಉದ್ದ ತೋಳಿನ ರವಿಕೆ ತೊಟ್ಟು, ಎರಡೂ ಕೈಗೆ ಗಟ್ಟಿಯಾಗಿ ಅರಿಶಿನ ಬಳಿದುಕೊಂಡು ಬಂದು ನಿಂತಳು. "ನಮ್ಮ ಕಡೆ ಪದ್ಧತಿ," ಎಂದಳು. ಗಂಡಿನ ಕಡೆಯವರಿಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ. "ಮೊದಲೇ ಒಂದು ಮಾತು ಹೇಳಬಹುದಿತ್ತು," ಎಂದರು ವತ್ಸಲಾಳ ಅತ್ತೆ. ಶೇಷಾದ್ರಿ ಏನೂ ಹೇಳಲಿಲ್ಲ. ಏನೂ ಹೇಳದಿರುವುದು ಶೇಷಾದ್ರಿಗೆ ಜನ್ಮತಃ ಬಂದ ಕಲೆ, ಆ ದಿನ ಅದಕ್ಕೊಂದು ಉಪಯೋಗವಾಯಿತು.

ತನಗೆ ಬಂದದ್ದಕ್ಕಿಂತ ಮಗಳಿಗೆ ಬಂದೀತು ಎಂಬ ಭಯ ಕಾಶಮ್ಮನನ್ನು ಹೆಚ್ಚು ತಿಂದಿತ್ತು. ವತ್ಸಲಾಗೆ ಐದು ವರ್ಷ ತುಂಬಿದಾಗಿನಿಂದ ದಿನಾ ಬೆಳಿಗ್ಗೆ, ಜಡೆ ಹೆಣೆಯುವ ಮುಂಚೆ, ಕಿಟಕಿಯ ಬಳಿ ನಿಲ್ಲಿಸಿ ತಪಾಸಣೆ. ತುಟಿ, ಕಣ್ಣಿನ ರೆಪ್ಪೆ, ಬೆರಳ ತುದಿ. "ಹ್ಞೂ, ಹೋಗು." ಆ "ಹ್ಞೂ" ಸಿಕ್ಕ ಮೇಲೆ ಸ್ಕೂಲು. ಮದುವೆಯಾಗಿ ದೇಶ ಬಿಟ್ಟ ಮೇಲೂ ತಪಾಸಣೆ ನಿಲ್ಲಲಿಲ್ಲ, ವೀಡಿಯೋ ಕಾಲಿಗೆ ವರ್ಗವಾಯಿತು. ತಮ್ಮ ಮುರಳೀಧರನ ಮನೆಯಿಂದ, ಅವನೇ ಕೊಡಿಸಿದ ಫೋನಿನಲ್ಲಿ, ದಿನಾ ಮಾತಿನ ಕೊನೆಗೆ ಕಾಶಮ್ಮ ಹೇಳುತ್ತಿದ್ದಳು: "ಹತ್ತಿರ ಬಾ, ತುಟಿ ನೋಡ್ತೀನಿ. ಪೌಡರ್ ಹಾಕಿದೀಯಾ? ಒರೆಸಿ ತೋರಿಸು."

ಬಾವಂಚಿಯ ಬಾಟಲಿ ಬಂದ ವರ್ಷದ ಅಕ್ಟೋಬರಿನಲ್ಲಿ, ಒಂದು ಬೆಳಿಗ್ಗೆ ಹಲ್ಲುಜ್ಜುವಾಗ, ಕೆಳತುಟಿಯ ಎಡ ಮೂಲೆಯಲ್ಲಿ ವತ್ಸಲಾಗೆ ಎಳ್ಳಿನಷ್ಟು ಬಿಳುಪು ಕಂಡಿತು. ಪೇಸ್ಟ್ ಎಂದುಕೊಂಡು ಒರೆಸಿದಳು. ಮತ್ತೊಮ್ಮೆ ಒರೆಸಿದಳು. ದೀಪಾವಳಿಗೆ ಅದು ಹೆಸರುಕಾಳಾಯಿತು, ಕ್ರಿಸ್‌ಮಸ್ಸಿಗೆ ಹುಣಸೆಬೀಜ. ದೇಹದಲ್ಲಿ ಏನೇ ಬೆಳೆದರೂ ಅಡುಗೆಮನೆಯ ಡಬ್ಬಗಳ ಲೆಕ್ಕದಲ್ಲೇ ಅಳೆಯುವುದು ನಮ್ಮವರ ಪದ್ಧತಿ.

ಮನೆ ಡಾಕ್ಟರಿಗೆ ಫೋಟೋ ಕಳಿಸಿದಳು. ಆ ದಿನಗಳಲ್ಲಿ ಯಾರನ್ನೂ ಎದುರಿಗೆ ನೋಡುತ್ತಿರಲಿಲ್ಲ. ಡಾಕ್ಟರು ಫೋನಿನಲ್ಲಿ ಬಹಳ ಪ್ರೀತಿಯಿಂದ ಮಾತಾಡಿದರು. ನೋವಿದೆಯಾ? ಇಲ್ಲ. ತುರಿಕೆ? ಇಲ್ಲ. ಹಾಗಾದರೆ ಒಳ್ಳೆಯದೇ ಆಯಿತು, ಇದು ಅಪಾಯದ್ದಲ್ಲ, ಅಂಟುವುದಿಲ್ಲ, ಚರ್ಮದ ಡಾಕ್ಟರಿಗೆ ಬರೆಯುತ್ತೇನೆ, ಕೊರೋನಾ ಕಾರಣ ಸ್ವಲ್ಪ ತಡ. ಬಿಸಿಲಿಗೆ ಕ್ರೀಮು ಹಚ್ಚಿಕೊಳ್ಳಿ. "ತುಂಬಾ ಜನ ಇದರ ಜೊತೆ ಸಂತೋಷವಾಗಿದ್ದಾರೆ," ಎಂದರು. ಇರಬಹುದು. ಅವರಿಗೆ ಕಾಶಮ್ಮ ಇರಲಿಲ್ಲ.

ವತ್ಸಲಾ ತೀರ್ಮಾನಿಸಿದ್ದು ಒಂದೇ: ಅಮ್ಮನ ಕಣ್ಣಿಗೆ ಇದು ಬೀಳಬಾರದು. ಎಪ್ಪತ್ತಾರು ವರ್ಷದ ಮುದುಕಿ, ಬದುಕಿಡೀ ಒಂದೇ ಒಂದು ಹರಕೆ ಹೊತ್ತವಳು, ಅದೂ ಸುಳ್ಳಾಯಿತು ಅಂತ ತಿಳಿದುಕೊಂಡು ಹೋಗುವುದು ಬೇಡ.

ಮೊದಲೆರಡು ತಿಂಗಳು ತುಟಿಯ ಎಡಬದಿ ಕತ್ತಲಿಗೆ ಬರುವ ಹಾಗೆ ಕೂತು ತಪಾಸಣೆ ದಾಟಿಸಿದಳು. ಡಿಸೆಂಬರಿನಲ್ಲಿ ಅಂಗಡಿಯೊಳಗೆ ಮಾಸ್ಕ್ ಕಡ್ಡಾಯವಾಯಿತು. ಡಚ್ಚರು ಅದನ್ನು ಯುರೋಪಿಗೆಲ್ಲ ಕೊನೆಯವರಾಗಿ, ಗೊಣಗುತ್ತಾ ಹಾಕಿಕೊಂಡರು. ವತ್ಸಲಾ ಒಬ್ಬಳೇ ಸಂಭ್ರಮದಿಂದ ಹಾಕಿಕೊಂಡವಳು. ಅದೇ ಸಂಜೆ ಅಡುಗೆಮನೆಯಲ್ಲಿ ಮಾಸ್ಕ್ ತೊಟ್ಟು ಅಮ್ಮನಿಗೆ ಕಾಲ್ ಮಾಡಿದಳು.

"ಏನೇ ಇದು, ಮನೇಲೂ ಬಾಯಿಬಟ್ಟೆ?"

"ಇಲ್ಲಿ ರೂಲ್ಸಮ್ಮ. ಮನೆ ಒಳಗೂ ಹಾಕ್ಕೋಬೇಕು."

"ಊಟ ಹೇಗೆ ಮಾಡ್ತೀರೆ?"

"ಸ್ವಲ್ಪ ಮೇಲಕ್ಕೆ ಎತ್ತಿ."

"ಮಲಗೋವಾಗ?"

"...ಅದಕ್ಕೆ ವಿನಾಯ್ತಿ ಇದೆ."

ಕಾಶಮ್ಮ ತಲೆದೂಗಿದಳು. ಮರುದಿನ ಕೃಷ್ಣಮೂರ್ತಿಪುರದ ಬೀದಿಯಲ್ಲೆಲ್ಲ ಡಚ್ಚರ ಶಿಸ್ತಿನ ವರ್ಣನೆ. "ನಮ್ಮವರೂ ಇದಾರೆ, ಗಡ್ಡಕ್ಕೆ ಹಾಕ್ಕೊಂಡು ಓಡಾಡ್ತಾರೆ," ಎಂದು ಎದುರುಮನೆಯವರಿಗೆ ಬೈದಳಂತೆ.

ಸುಳ್ಳು ಚಳಿಗಾಲವನ್ನು ದಾಟಿಸಿತು. ಆದರೆ ಎಂಥ ಚಳಿಗಾಲ! ನಾಲ್ಕೂವರೆಗೆ ಕತ್ತಲು, ಕರ್ಫ್ಯೂ, ಲ್ಯಾಬಿನಲ್ಲಿ ಸರದಿಯ ಮೇಲೆ ಇಬ್ಬಿಬ್ಬರು. ಶೇಷಾದ್ರಿ ಮಲಗುವ ಕೋಣೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಪರದೆಯೊಡನೆ ಮಾತಾಡಿ, ಹೊರಗೆ ಬಂದು, ಉಳಿದ ಮಾತು ಏನೂ ಇಲ್ಲದೆ ಊಟ ಮಾಡುತ್ತಿದ್ದ. ಎದುರಿಗೆ ಕೂತು ಹುಳಿ ಬಡಿಸುವ ಹೆಂಡತಿಯ ತುಟಿಯನ್ನು ಅವನು ನೋಡಲಿಲ್ಲ, ಅಥವಾ ನೋಡಲಿಲ್ಲವೆಂದು ಅವಳು ತಿಳಿದಳು. ಒಂದು ಭಾನುವಾರ ಮಾಸ್ಟ್ರಿಕ್ಟ್‌ನಲ್ಲಿ ಓದುವ ಮಗಳು ಗಾನವಿ ಕಾಲ್ ಮಾಡಿದ್ದಳು. ಮಾತಿನ ನಡುವೆ ವತ್ಸಲಾ ಎಂದಳು, "ಸ್ವಲ್ಪ ಹತ್ತಿರ ಬಾ ಕಂದ. ಕಿಟಕಿ ಹತ್ತಿರ."

"ಯಾಕಮ್ಮಾ? ಆರ್ ಯೂ ಚೆಕಿಂಗ್ ಮೈ ಪೋರ್ಸ್?" ಎಂದು ನಕ್ಕಳು ಗಾನವಿ.

ವತ್ಸಲಾ ನಗಲಿಲ್ಲ. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಬಹಳ ಹೊತ್ತು ಕೈ ತೊಳೆದಳು. ಆಗಿನ ಕಾಲದಲ್ಲಿ ಕೈ ತೊಳೆಯುವುದಕ್ಕೆ ಯಾರೂ ಕಾರಣ ಕೇಳುತ್ತಿರಲಿಲ್ಲ.

ಮಾರ್ಚ್ ಕೊನೆಗೆ ಶೇಷಾದ್ರಿ ಆಗಸ್ಟಿಗೆ ಟಿಕೆಟ್ ಮಾಡಿಸಿದ. ಲಸಿಕೆ ಆಗಿಬಿಡುತ್ತೆ, ಹೋಗಿ ಬರೋಣ, ಎರಡು ವರ್ಷವಾಯಿತು ಎಂದ. ಕಾಶಮ್ಮ ಅವತ್ತಿನಿಂದ ದಿನ ಎಣಿಸತೊಡಗಿದಳು. "ಇಲ್ಲಿ ಬಂದ ಮೇಲೆ ಆ ಬಾಯಿಬಟ್ಟೆ ತೆಗೀತೀಯ ತಾನೆ? ನಿನ್ನ ಮುಖ ನೋಡಿ ಎಷ್ಟು ತಿಂಗಳಾಯ್ತೇ." ಊರಿಗೆ ಹೋಗಿ, ಅಮ್ಮನ ಎದುರಿಗೆ ಎಲೆ ಹಾಕಿಕೊಂಡು ಕೂತು, ಮಾಸ್ಕನ್ನು ಮೇಲಕ್ಕೆತ್ತಿ ಉಣ್ಣಲು ಆಗುವುದಿಲ್ಲ. ಆಗಸ್ಟಿನೊಳಗೆ ಮಚ್ಚೆ ಹೋಗಬೇಕು. ಚರ್ಮದ ಡಾಕ್ಟರ ಸರದಿ ಸೆಪ್ಟೆಂಬರಿಗೆ ಬಂದಿತ್ತು.

ಮೇ ತಿಂಗಳಲ್ಲಿ ಹೊಸ ಕ್ರೀಮಿನ ಫೋಟೋ ತೆಗೆಯುವ ಕೆಲಸ ಬಂತು. ಡಬ್ಬಿಯ ಪಕ್ಕದಲ್ಲಿ ಕಲಾತ್ಮಕವಾಗಿ ಚೆಲ್ಲಲು ಸಾರ ಮಾರುವವರು ಒಂದು ಸೀಸೆ ಬಾವಂಚಿ ಬೀಜವನ್ನೇ ಕಳಿಸಿದ್ದರು. ಕಪ್ಪಗೆ, ಮೂತ್ರಪಿಂಡದ ಆಕಾರಕ್ಕೆ, ಮುಚ್ಚಳ ತೆರೆದರೆ ಕಹಿ ಘಾಟು. ಫೋಟೋ ಆಯಿತು. "ಎಸೆದುಬಿಡು," ಎಂದಳು ಮಾರ್ಲೂಸ್. ವತ್ಸಲಾ ಅದನ್ನು ಕಾಗದದಲ್ಲಿ ಸುತ್ತಿ, ಸೈಕಲ್ ಬುಟ್ಟಿಯಲ್ಲಿಟ್ಟುಕೊಂಡು ಮನೆಗೆ ತಂದಳು.

ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಬಾಟಲಿಯಲ್ಲಿ ಬರುವ ಸಾರವೇ ಬೇರೆ, ಹಸಿ ಬೀಜವೇ ಬೇರೆ. ಬೀಜದಲ್ಲಿ ಸೊರಾಲೆನ್ ಎಂಬುದೊಂದು ಇರುತ್ತದೆ. ಅದು ಚರ್ಮದಲ್ಲಿ ಕೂತು ಬಿಸಿಲಿಗೆ ಕಾಯುತ್ತದೆ, ಬಿಸಿಲು ಬಿದ್ದರೆ ಸುಡುತ್ತದೆ. ಕ್ರೀಮಿಗೆ ಹಾಕುವ ಸಾರದಿಂದ ಅದನ್ನು ಪೂರ್ತಿ ತೆಗೆದಿರಬೇಕು. ತೆಗೆದಿದ್ದಾರೆಯೇ ಎಂದು ಕಾಗದ ತರಿಸಿ, ಪರಿಶೀಲಿಸಿ, ಕಡತದಲ್ಲಿ ಸಹಿ ಹಾಕಿದವಳು ವತ್ಸಲಾಳೇ. ಆದರೆ ಆ ತಿಳಿವಳಿಕೆ ಲ್ಯಾಬಿನ ಬಿಳಿ ಕೋಟಿನ ಜೇಬಿನಲ್ಲಿರುತ್ತಿತ್ತು, ಕೋಟನ್ನು ಸಂಜೆ ಗೂಟಕ್ಕೆ ತಗುಲಿಹಾಕಿ ಬರಬೇಕಿತ್ತು. ಮನೆಗೆ ಬಂದವಳು ಕಾಶಮ್ಮನ ಮಗಳು. ಅಲ್ಲದೆ ಬಿಸಿಲು ಬೀಳಲಿ ಎಂತಲೇ ಅಲ್ಲವೇ ಅಮ್ಮ ಹಚ್ಚಿದ್ದು? ಎಷ್ಟು ಬಿಸಿಲು ಎಂಬುದಕ್ಕೆ ಪಂಡಿತರ ಅಳತೆ ಇತ್ತಲ್ಲ.

ಗೋಮೂತ್ರದ್ದೇ ತೊಡಕಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಹಸುಗಳಿಗೆ ಬರವಿಲ್ಲ. ಲ್ಯಾಬಿನಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷ ಹೋದರೆ ಕಪ್ಪು ಬಿಳುಪಿನ ಮುನ್ನೂರು ಹಸುಗಳು ಮೇಯುತ್ತಿರುತ್ತವೆ. ಆದರೆ ಯಾವ ಡಚ್ ರೈತನ ಮುಂದೆ ಯಾವ ವ್ಯಾಕರಣದಲ್ಲಿ ಅದನ್ನು ಕೇಳುವುದು? ನಾಲ್ಕು ವರ್ಷದ ಭಾಷಾ ತರಗತಿಯಲ್ಲಿ ಆ ಪಾಠ ಬಂದಿರಲಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿದಳು.

ಆ ವರ್ಷ ಮೇ ತಿಂಗಳೂ ಚಳಿಯಲ್ಲೇ ಸತ್ತಿತ್ತು. ಕೊನೆಯ ಭಾನುವಾರ ಮೋಡ ಹರಿದು ಸೂರ್ಯ ಬಂದ. ಕಾಲುವೆಯ ದಂಡೆಯ ಮೇಲೆ ಜನ ಅರ್ಧ ಬಟ್ಟೆಯಲ್ಲಿ ಒಣಗಲು ಬಿದ್ದರು. ವತ್ಸಲಾ ಅವರನ್ನು ಬಾಲ್ಕನಿಯಿಂದ ನೋಡಿ, ಪಾಪ, ಇದಕ್ಕೆ ಬಿಸಿಲು ಅಂತಾರಲ್ಲ ಎಂದುಕೊಂಡಳು. ಹನ್ನೆರಡು ಗಂಟೆಗೆ ತುಟಿಗೂ ಸುತ್ತಲಿಗೂ ಬೆರಳಿನಿಂದ ಕಪ್ಪು ಕಲ್ಕವನ್ನು ಹಚ್ಚಿಕೊಂಡು ಕುರ್ಚಿ ಹಾಕಿಕೊಂಡು ಕೂತಳು. ಎಣ್ಣೆ ಗಲ್ಲದ ಮೇಲೆ ಇಳಿಯಿತು, ಇಳಿಯಲಿ ಎಂದು ಬಿಟ್ಟಳು. ಗಾಳಿ ತಣ್ಣಗೆ ಬೀಸುತ್ತಿತ್ತು. ಆಗಾಗ ಕೈಯನ್ನು ಕುತ್ತಿಗೆಯ ಹಿಂದೆ ಇಟ್ಟು ನೋಡಿದಳು. ಒಣ. ಇನ್ನೊಂದು ಸ್ವಲ್ಪ. ಒಣ. ಒಂದು ಗಂಟೆಯಾಯಿತು. ಗಾಳಿಗೆ ಮೈ ಜುಮ್ಮೆಂದು ಶಾಲು ಹೊದ್ದುಕೊಂಡಳು. ಶಾಲು ಹೊದ್ದು ಬೆವರಿಗಾಗಿ ಕಾಯುತ್ತಿರುವುದರಲ್ಲಿ ಏನೋ ಎಡವಟ್ಟಿದೆ ಎಂದು ಎಂ.ಎಸ್ಸಿ. ಮಾಡಿದವಳಿಗೆ ಹೊಳೆಯಬಹುದಿತ್ತು. ಎರಡು ಗಂಟೆ ಇಪ್ಪತ್ತು ನಿಮಿಷವಾದರೂ ಬೆವರು ಬರಲಿಲ್ಲ. ಈ ದೇಶದ ಸೂರ್ಯನಿಂದ ಏನೂ ಆಗಲಾರದು ಎಂದು ಬೇಜಾರಾಗಿ ಎದ್ದು ಮುಖ ತೊಳೆದಳು.

ಸೋಮವಾರ ಗಲ್ಲ ಬೆಚ್ಚಗಿತ್ತು. ಅವಳಿಗೆ ಆಸೆ ಹುಟ್ಟಿತು. ಮಂಗಳವಾರ ಬೆಳಿಗ್ಗೆ ಕನ್ನಡಿಯಲ್ಲಿ ಬೇರೆ ಯಾರೋ ಇದ್ದರು. ಕೆಳತುಟಿ ಬಾತು ಮಗುಚಿಕೊಂಡಿತ್ತು. ಗಲ್ಲದ ಮೇಲೆ, ಎಣ್ಣೆ ಇಳಿದ ದಾರಿಯಲ್ಲೆಲ್ಲ, ದ್ರಾಕ್ಷಿಯ ಗಾತ್ರದ ನೀರುಗುಳ್ಳೆಗಳು. ಹಚ್ಚಿದ ಎರಡು ಬೆರಳ ತುದಿಗಳಲ್ಲೂ.

ಶೇಷಾದ್ರಿ ಬಾಗಿಲಲ್ಲಿ ನಿಂತು ನೋಡಿದ.

"ಸಾರು ಸಿಡೀತಾ?"

ಅವಳು ಅಳುತ್ತಾ ಎಲ್ಲವನ್ನೂ ಹೇಳಿದಳು, ಅಕ್ಟೋಬರಿನಿಂದ. ಶೇಷಾದ್ರಿ ಟವೆಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಮಚ್ಚೆ ನನಗೆ ಡಿಸೆಂಬರಲ್ಲೇ ಗೊತ್ತಾಗಿತ್ತು," ಎಂದ. "ನೀನಾಗಿ ಹೇಳ್ತೀಯ ಅಂತ ಸುಮ್ಮನಿದ್ದೆ."

"ಆರು ತಿಂಗಳಾ?"

"ನಿನಗೆ ಬೇಜಾರಾಗಬಾರದು ಅಂತ."

"ಕೇಳಬಹುದಿತ್ತಲ್ರೀ! ಒಂದು ಸಲ, ಏನೇ ಅದು ಅಂತ!"

ಅವನು ಏನೂ ಹೇಳಲಿಲ್ಲ. ಈ ಸಲ ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಡಾಕ್ಟರು ಅವತ್ತು ಎದುರಿಗೇ ನೋಡಿದರು. ಯಾವ ಗಿಡ ಎಂದು ಕೇಳಿದರು. ವತ್ಸಲಾ ಬಾತ ತುಟಿಯಿಂದಲೇ ಲ್ಯಾಟಿನ್ ಹೆಸರನ್ನು, ಅದರೊಳಗಿನ ರಾಸಾಯನಿಕವನ್ನು, ಅದು ಸುಡುವ ಬಗೆಯನ್ನು ಕ್ರಮವಾಗಿ ವಿವರಿಸಿದಳು. ಡಾಕ್ಟರು ಬರೆದುಕೊಳ್ಳುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. "ಇಷ್ಟೆಲ್ಲ ಗೊತ್ತಿದ್ದೂ?" ಎಂದರು. ಅವರು ಕೊಟ್ಟ ಮುಲಾಮು ಹಚ್ಚಿಕೊಂಡು, ಬಿಸಿಲಿಗೆ ಬರದೆ, ಮುಖಕ್ಕೆ ಏನನ್ನೂ ಮುಟ್ಟಿಸದೆ ಇರಬೇಕು. ಮಾಸ್ಕ್ ಕೂಡ ಕೂಡದು.

ಮಾಸ್ಕ್ ಇಲ್ಲವೆಂದ ಮೇಲೆ ವೀಡಿಯೋ ಇಲ್ಲ. "ನೆಟ್ ಸರಿಯಿಲ್ಲಮ್ಮ," ಎಂದು ಬರೀ ದನಿಯಲ್ಲಿ ಮಾತಾಡತೊಡಗಿದಳು. ತುಟಿ ಬಾತಿದ್ದರಿಂದ ದನಿಯೂ ಅವಳದ್ದಾಗಿರಲಿಲ್ಲ. ಮೂರು ದಿನ, ನಾಲ್ಕು ದಿನ. ಆರನೇ ದಿನ ಮುರಳೀಧರ ಫೋನ್ ಮಾಡಿದ.

"ಅಕ್ಕಾ, ಏನಾಗಿದೆ ನಿನಗೆ? ನಿಜ ಹೇಳು. ಅಮ್ಮ ಊಟ ಬಿಟ್ಟು ಎರಡು ದಿನ ಆಯ್ತು."

"ಯಾಕೋ?"

"ನೀನು ಸತ್ತು ಹೋಗಿದೀಯಂತೆ."

ವತ್ಸಲಾಳ ಬಾತ ತುಟಿಯಿಂದ ನಗುವಿನಂಥದ್ದೇನೋ ಹೊರಟಿತು.

"ನಗಬೇಡ. ಎದುರುಮನೆ ತ್ಯಾಗರಾಜ ಹೋದ ತಿಂಗಳು ಆಸ್ಪತ್ರೇಲಿ ತೀರಿಹೋದನಲ್ಲ, ಅವನ ತಾಯಿಗೆ ಹನ್ನೆರಡು ದಿನ ಹೇಳಿರ್ಲಿಲ್ಲ. ಹುಷಾರಾಗಿದಾನೆ, ಫೋನಲ್ಲಿ ಚಾರ್ಜ್ ಇಲ್ಲ, ನೆಟ್ ಇಲ್ಲ ಅಂತ ನಾವೆಲ್ಲ ಸೇರಿ ಸುಳ್ಳು ಹೇಳಿದ್ವಿ. ಅಮ್ಮಾನೂ ಹೇಳಿದ್ಲು. ಈಗ ನಿನ್ನದೂ ನೆಟ್ ಇಲ್ಲ. ದನಿ ಬೇರೆ ಯಾರದ್ದೋ, ಆಕ್ಟಿಂಗ್ ಮಾಡಿಸ್ತಿದೀರಿ ಅಂತಾಳೆ. ಮುಖ ತೋರ್ಸೋವರೆಗೂ ತುತ್ತು ಎತ್ತಲ್ವಂತೆ. ನೀನು ಇದೀಯ ತಾನೆ?"

"ಇದೀನಿ ಕಣೋ."

"ಹಾಗಾದ್ರೆ ತೋರಿಸು. ನಿನಗೆ ಕೈ ಮುಗೀತೀನಿ."

ಅಮ್ಮ ಸಂಕಟಪಡಬಾರದೆಂದು ಕಟ್ಟಿದ ಗೋಡೆ ಅಮ್ಮನ ಮೇಲೆಯೇ ಕುಸಿದಿತ್ತು. ವತ್ಸಲಾ ಕನ್ನಡಿ ನೋಡಿಕೊಂಡಳು. ಗುಳ್ಳೆಗಳು ಒಡೆದು ಗಲ್ಲವೆಲ್ಲ ಕಪ್ಪು ಹಕ್ಕಳೆ ಕಟ್ಟಿತ್ತು. ಆ ಕಪ್ಪಿನ ನಡುವೆ ಬಿಳಿ ಮಚ್ಚೆ ಮೊದಲಿಗಿಂತ ಬೆಳ್ಳಗೆ, ಮೊದಲಿಗಿಂತ ದೊಡ್ಡದಾಗಿ ಕೂತಿತ್ತು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡಳು. ಕಾಲ್ ಮಾಡಿದಳು.

ಕಾಶಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಆ ಬಿಳಿ ಬೆರಳುಗಳು ಪರದೆಯ ಅಂಚಿನಲ್ಲಿ ಕಾಣುತ್ತಿದ್ದವು. ಮೊದಲು ಅವಳ ಮುಖ ಅರಳಿತು, ಇದ್ದಾಳೆ ಎಂದು. ಆಮೇಲೆ ನಿಧಾನವಾಗಿ ಕನ್ನಡಕವನ್ನು ಮೇಲಕ್ಕೆ ತಳ್ಳಿದಳು. ಹತ್ತಿರ ಬಾ ಎನ್ನಲಿಲ್ಲ. ಬಹಳ ಹೊತ್ತು ನೋಡಿದಳು. ಹಿಂದೆ ಯಾರದೋ ಮನೆಯ ಕುಕ್ಕರು ಎರಡು ಸಲ ಕೂಗಿತು.

"ಎಷ್ಟು ಹೊತ್ತು ಕೂತಿದ್ದೆ?" ಎಂದಳು ಕೊನೆಗೆ.

"ಎರಡು ಗಂಟೆ. ಮೇಲೆ ಇಪ್ಪತ್ತು ನಿಮಿಷ."

"ಬೆವರು ಬರಲಿಲ್ವಾ?"

"ಗಾಳಿ ಇತ್ತಮ್ಮ. ಬರಲೇ ಇಲ್ಲ."

"ದಡ್ಡಿ," ಎಂದಳು ಕಾಶಮ್ಮ. "ಓದಿದ ದಡ್ಡಿ. ಎಲ್ಲಿ ಸಿಕ್ತೇ ಬಾವಂಚಿ ಅಲ್ಲಿ?"

"ಆಫೀಸಲ್ಲಿ. ಇಲ್ಲಿ ಅದನ್ನ ಮುಖದ ಕ್ರೀಮಿಗೆ ಹಾಕ್ತಾರಮ್ಮ. ಸುಕ್ಕು ಹೋಗತ್ತೆ ಅಂತ."

"ಹೋಗತ್ತಾ?"

"ಸ್ವಲ್ಪ. ಹೇಳ್ತಾರೆ."

ಕಾಶಮ್ಮನ ಬಾಯಿ ಒಂದು ಬದಿಗೆ ಎಳೆಯಿತು. ನಗುವೋ ಅಲ್ಲವೋ. "ನನಗೆ ಸುಕ್ಕೂ ಹೋಗಲಿಲ್ಲ. ಅದೂ ಹೋಗಲಿಲ್ಲ. ಮೂವತ್ತು ವರ್ಷ ಹಚ್ಚಿದೆ ಕಣೆ, ಒಂದು ಸಾಸಿವೆಯಷ್ಟು ಬಣ್ಣ ತಿರುಗಲಿಲ್ಲ. ಎರಡು ಸಲ ಹೀಗೇ ಸುಟ್ಕೊಂಡಿದ್ದೆ, ನೀನಿನ್ನೂ ಚಿಕ್ಕವಳು."

"ಮತ್ತೆ ಯಾಕಮ್ಮ ಹಚ್ಚಿದೆ, ಅಷ್ಟು ವರ್ಷ?"

"ಹಚ್ಚದೆ ಇದ್ರೆ ನಿಮ್ಮಜ್ಜಿ ಸುಮ್ಮನಿರ್ತಿದ್ರಾ? ಇವಳಿಗೆ ವಾಸಿ ಮಾಡ್ಕೊಳ್ಳೋ ಮನಸ್ಸೇ ಇಲ್ಲ ಅಂತಿದ್ರು. ಬಿಸಿಲಲ್ಲಿ ಕೂತಿದ್ರೆ ಬಾಯಿ ಮುಚ್ಚಿಕೊಂಡಿರ್ತಿದ್ರು. ತಾರಸಿ ಮೇಲೆ ಅದೊಂದು ಗಂಟೆ ಯಾರೂ ನನ್ನ ಕರೀತಿರ್ಲಿಲ್ಲ." ಫೋನನ್ನು ಇನ್ನಷ್ಟು ಹತ್ತಿರ ತಂದು, "ನಿನಗೆ ಯಾರು ಹೇಳಿದ್ರೇ ಹಚ್ಚು ಅಂತ? ಗಂಡ ಏನಾದ್ರೂ ಅಂದನಾ?"

"ಇಲ್ಲಮ್ಮ."

"ಅತ್ತೆ?"

"ಯಾರೂ ಇಲ್ಲ. ನಿನಗೆ ಗೊತ್ತಾಗಬಾರದು ಅಂತ. ಆಗಸ್ಟಲ್ಲಿ ಬರ್ತೀನಲ್ಲ, ಅಷ್ಟರೊಳಗೆ..."

ಈ ಮಾತನ್ನು ಆಡಬಾರದಿತ್ತೆಂದು ಅವಳಿಗೆ ಆಡಿದ ಮೇಲೆ ತಿಳಿಯಿತು. ಕಾಶಮ್ಮನ ಕಣ್ಣು ಅಲ್ಲೇ ನಿಂತುಹೋಯಿತು. ಸುಟ್ಟದ್ದು ಅತ್ತೆಗೆ ಹೆದರಿ ಅಲ್ಲ, ಗಂಡನಿಗೆ ಹೆದರಿ ಅಲ್ಲ.

"ನನ್ನಿಂದಲೇ ಬಂತು," ಎಂದಳು.

"ಅಮ್ಮಾ, ಅದು ಹಾಗೆಲ್ಲ ನೇರ ಬರಲ್ಲ, ಇಲ್ಲಿ ಡಾಕ್ಟರು ಹೇಳಿದಾರೆ..."

"ಡಾಕ್ಟರು ಹೆತ್ತಿದಾನಾ ನಿನ್ನ?" ಎಂದಳು ಕಾಶಮ್ಮ. "ಮುರಳಿ, ಬಾರೋ ಇಲ್ಲಿ. ಇದನ್ನ ಹ್ಯಾಗೆ ಮುಚ್ಚೋದು, ಮುಚ್ಚು."

ಅವತ್ತು ರಾತ್ರಿ ಊಟ ಮಾಡಿದಳೆಂದು ಮುರಳೀಧರ ಮೆಸೇಜು ಹಾಕಿದ. ಮೊಸರನ್ನ, ಎರಡು ಸೌಟು. ಮಗಳು ಬದುಕಿದ್ದಾಳೆಂಬುದಕ್ಕೆ ಅಷ್ಟು.

ಮರುದಿನ ವತ್ಸಲಾ ವೀಡಿಯೋ ಕಾಲ್ ಮಾಡಿದಾಗ ಪರದೆಯ ತುಂಬ ಸೀಲಿಂಗ್ ಫ್ಯಾನು ತಿರುಗುತ್ತಿತ್ತು. "ಅಮ್ಮಾ, ಫೋನ್ ಮೇಲಕ್ಕೆ ಇದೆ, ಎತ್ತು." "ಇರಲಿ ಬಿಡು," ಎಂದಿತು ದನಿ. "ಮಾತಾಡು, ಕೇಳಿಸತ್ತೆ." ಅದರ ಮರುದಿನವೂ ಫ್ಯಾನು. ಮುರಳೀಧರ ಹೇಳಿದ: ಫೋನನ್ನು ಮಂಚದ ಮೇಲೆ ಅಂಗಾತ ಇಟ್ಟು, ಪಕ್ಕದಲ್ಲಿ ಕೂರುತ್ತಾಳೆ, ಎತ್ತಿಕೊಳ್ಳುವುದಿಲ್ಲ. ನನ್ನ ಮೂತಿ ಅವಳಿಗೆ ಇನ್ನು ತೋರಿಸಲ್ಲ ಅನ್ನುತ್ತಾಳೆ. ಎಷ್ಟು ಹೇಳಿದರೂ ಅಷ್ಟೇ.

ನಲವತ್ತೆರಡು ವರ್ಷ ದಿನಾ, ಮಾಸ್ಕಿನ ತಿಂಗಳುಗಳಲ್ಲೂ ಬರೀ ರೆಪ್ಪೆ ಬೆರಳು ತೋರಿಸಿಯಾದರೂ, ಕೇಳಿದ್ದ "ಹ್ಞೂ, ಹೋಗು" ನಿಂತುಹೋಯಿತು. ವತ್ಸಲಾ ಯಾವುದನ್ನು ತಪ್ಪಿಸಲು ಏಳು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳೋ ಅದು ಆಗಿತ್ತು, ತಪ್ಪಿಸಲು ಹೋದದ್ದರಿಂದಲೇ ಆಗಿತ್ತು. ಲ್ಯಾಬಿಗೆ ಹೋದಳು. ಮಾರ್ಲೂಸ್ ಗಾಬರಿಯಾಗಿ ಏನಾಯಿತೆಂದು ಕೇಳಿದಳು. "ಅಡುಗೆ ಮಾಡುವಾಗ," ಎಂದಳು ವತ್ಸಲಾ. ಹೊಸ ಡಬ್ಬಿಯ ಮಾದರಿ ಬಂದಿತ್ತು. ಚೆಲ್ಲಿದ ಕಪ್ಪು ಬೀಜಗಳ ಚಿತ್ರ, ಕೆಳಗೆ ಅಮ್ಮಂದಿರಿಂದ ಮಗಳಂದಿರಿಗೆ ಹರಿದುಬಂದ ಭಾರತೀಯ ರಹಸ್ಯ ಎಂಬರ್ಥದ ಸಾಲು. ಅವಳು ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಮಾತ್ರ ತಿದ್ದಿ ವಾಪಸು ಕೊಟ್ಟಳು.

ಜೂನು ಕಳೆದು ಜುಲೈ ಬಂತು. ಆಗಸ್ಟಿನ ವಿಮಾನ ರದ್ದಾಯಿತೆಂದು ಮೇಲ್ ಬಂತು. ಅಮ್ಮನ ಕಡೆಯಿಂದ ಫ್ಯಾನು ತಿರುಗುತ್ತಲೇ ಇತ್ತು; ಕರೆಂಟು ಹೋದ ದಿನ ಮಾತ್ರ ಅದರ ಮೂರು ರೆಕ್ಕೆಗಳು, ಒಂದರ ಮೇಲಿನ ಜೇಡರ ಬಲೆ ಕಾಣುತ್ತಿದ್ದವು. ಮಾತು ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಊಟ ಆಯಿತಾ. ಆಯಿತು. ಅಲ್ಲಿ ಮಳೆಯಾ. ಹೌದು.

ಒಂದು ಶನಿವಾರ ವತ್ಸಲಾ ಮಾತು ಮುಗಿದ ಮೇಲೂ ಕಾಲ್ ಮುಚ್ಚಲಿಲ್ಲ. ಫ್ಯಾನು ನೋಡುವುದು ತನ್ನ ಹಣೆಬರಹ, ಆದರೆ ತನ್ನನ್ನು ಅಡಗಿಸಿಡುವುದು ಸಾಕಾಗಿತ್ತು. ಫೋನನ್ನು ಅಡುಗೆಕಟ್ಟೆಯ ಮೇಲೆ, ಬೇಳೆ ಡಬ್ಬಕ್ಕೆ ಒರಗಿಸಿ, ತನ್ನ ಮುಖಕ್ಕೆ ನೇರವಾಗಿ ನಿಲ್ಲಿಸಿದಳು. ಪೌಡರಿಲ್ಲ, ಮಾಸ್ಕಿಲ್ಲ. ತುಟಿಯ ಬಿಳುಪು, ಗಲ್ಲದ ಮೇಲಿನ ಕಂದು ಗೆರೆಗಳು, ಎಲ್ಲ ಕಿಟಕಿಯ ಬೂದಿ ಬೆಳಕಿನಲ್ಲಿ ಇದ್ದ ಹಾಗೇ. ಕೆಲಸಕ್ಕೆ ತೊಡಗಿದಳು. ಕೋಸು ಹೆಚ್ಚಿದಳು, ತೆಂಗಿನಕಾಯಿ ತುರಿದಳು. ಅತ್ತ ಕಡೆ ಫ್ಯಾನು. ಒಂದು ಸಲ ಬೀದಿಯ ತರಕಾರಿಯವನ ಕೂಗು ಕೇಳಿಸಿತು. ಮುಕ್ಕಾಲು ಗಂಟೆಯಾಯಿತು. ಅಮ್ಮ ಎದ್ದು ಹೋಗಿರಬಹುದು, ಖಾಲಿ ಕೋಣೆಗೆ ಕೋಸಿನ ಪಲ್ಯ ತೋರಿಸುತ್ತಿದ್ದೇನೆ ಎಂದು ವತ್ಸಲಾಗೆ ಅನ್ನಿಸಿತು. ಅನ್ನಿಸಿದರೂ ಫೋನನ್ನು ಮುಟ್ಟಲಿಲ್ಲ.

ಬಾಣಲೆಗೆ ಖಾರದ ಪುಡಿ ಹಾಕಲು ಡಬ್ಬದೊಳಗೆ ಬೆರಳಿಟ್ಟಳು.

"ಆ ಬೆರಳಲ್ಲಿ ಖಾರ ಮುಟ್ಟಬೇಡ್ವೇ," ಎಂದಿತು ಫ್ಯಾನಿನ ಕೆಳಗಿನಿಂದ ಒಂದು ದನಿ. "ಇನ್ನೂ ಎಳೆ ಚರ್ಮ. ಚಮಚ ತಗೋ."

ವತ್ಸಲಾ ಚಮಚ ತೆಗೆದುಕೊಂಡಳು.